ಬಿಸ್ಕತ್ ಡಬ್ಬಿಯ ಎದುರು ಹದಿನೆಂಟು ಕಿಲೋ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಯಜಮಾನರು ನಮ್ಮನ್ನೆಲ್ಲ ಜೋಡಣೆ ಮೇಜಿನ ಸುತ್ತ ನಿಲ್ಲಿಸಿಕೊಂಡು ಸುದ್ದಿ ಹೇಳಿದರು. ಹದಿನೆಂಟು ವರ್ಷದಿಂದ ನಮ್ಮ ಕಾರ್ಖಾನೆ ಮಾಡುತ್ತಿರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇನ್ನು ನಿಲ್ಲುತ್ತದೆ. ಅದರ ಜಾಗಕ್ಕೆ ಒಂದೇ ಒಂದು ಹೊಸ ಮಾದರಿ ಬರುತ್ತದೆ. ನನ್ನದು, ಇಲ್ಲವೇ ಹೊಸ ಇಂಜಿನಿಯರ್ ಹುಡುಗಿಯದು. ಮೂವತ್ತೊಂದನೇ ತಾರೀಖು ತೀರ್ಮಾನ.

ಇದಕ್ಕೆ ಒಂದು ತಿಂಗಳು ಯಾಕೆ ಬೇಕೋ ಗೊತ್ತಾಗಲಿಲ್ಲ. ನನ್ನದು ವಾಲ್ವ್ ಆಂಪ್ಲಿಫೈಯರ್. ಹಳೆಯ ಕಾಲದ ರೇಡಿಯೋಗಳಲ್ಲಿದ್ದಂಥ ನಾಲ್ಕು ಗಾಜಿನ ವಾಲ್ವು, ನಾನೇ ಕೈಯಾರೆ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರುಗಳು, ಒಟ್ಟು ಹದಿನೆಂಟು ಕಿಲೋ. ಹಚ್ಚಿ ಐದು ನಿಮಿಷ ಬಿಟ್ಟರೆ ವಾಲ್ವುಗಳು ಕೆಂಡದ ಬಣ್ಣಕ್ಕೆ ತಿರುಗುತ್ತವೆ, ಆಮೇಲೆ ಅದರಿಂದ ಬರುವ ದನಿಗೆ ಒಂದು ಮೈ ಇರುತ್ತದೆ. ಆ ಹುಡುಗಿ ತನ್ನದನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದಳು. ಬಿಸ್ಕತ್ ಡಬ್ಬಿಯಷ್ಟಿದೆ. ಒಳಗಿರುವುದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹತ್ತಿ ಆರುವ ಪುಟ್ಟ ಸ್ವಿಚ್ಚುಗಳು. ಸಂಗೀತವನ್ನು ಕೊಚ್ಚಿ ಚೂರು ಮಾಡಿ ಮತ್ತೆ ಅಂಟಿಸುವ ಕೆಲಸ.

"ಇದು ಆಂಪ್ಲಿಫೈಯರೋ, ಫೋನ್ ಚಾರ್ಜರೋ?" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳು ನಗಬಾರದಿತ್ತು.

ನಾಳೆ ಅಕ್ಕನಿಗೆ ಗಂಟಲಿನ ಆಪರೇಷನ್. ಧ್ವನಿತಂತುವಿನ ಮೇಲೆ ಗಂಟು ಬೆಳೆದಿದೆ. ಆಸ್ಪತ್ರೆ ನನ್ನ ಮನೆಯಿಂದ ಕಾಲು ಗಂಟೆ ನಡಿಗೆ, ಹಾಗಾಗಿ ಆಮೇಲೆ ಮೂರು ವಾರ ನನ್ನ ಜೊತೆ ಇರುತ್ತಾಳೆ. ಭಾವ ಫೋನಿನಲ್ಲಿ ಕೇಳಿದಾಗ ಹೂಂ ಎಂದೆ. ಅವಳ ಮದುವೆಯಾದ ಮೇಲೆ ನಾವಿಬ್ಬರೂ ಒಂದು ಸೂರಿನ ಕೆಳಗೆ ಮೂರು ದಿನಕ್ಕಿಂತ ಹೆಚ್ಚು ಇದ್ದ ನೆನಪಿಲ್ಲ.

ಮಾರ್ಚ್ ೫, ಬುಧವಾರ

ಅಕ್ಕ ಬಂದಳು. ಡಾಕ್ಟರ ಕಟ್ಟಪ್ಪಣೆ: ಮೂರು ವಾರ ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು. ಪಿಸುಗುಟ್ಟಿದರೆ ಕೂಗಿದ್ದಕ್ಕಿಂತ ಕೆಟ್ಟದ್ದಂತೆ. ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಕೂಗಿದವಳು ಈಗ ಕುತ್ತಿಗೆಗೆ ಒಂದು ಪುಟ್ಟ ಬಿಳಿ ಹಲಗೆ ನೇತುಹಾಕಿಕೊಂಡಿದ್ದಾಳೆ, ಅದಕ್ಕೊಂದು ನೀಲಿ ಪೆನ್ನು.

ಭಾವ ಪೆಟ್ಟಿಗೆ ಇಳಿಸುತ್ತಲೇ ಶುರು ಮಾಡಿದರು. "ನೋಡಮ್ಮ, ಮದ್ವೆ ಆದಾಗಿಂದ ಇದೇ ಮೊದಲು! ಬೆಳಿಗ್ಗೆಯಿಂದ ನಾನೊಬ್ಬನೇ ಮಾತಾಡ್ತಿದೀನಿ, ಒಂದು ಎದುರುತ್ತರ ಇಲ್ಲ. ಸ್ವರ್ಗ ಅಂದ್ರೆ ಇದೇ."

ಅಕ್ಕ ಹಲಗೆಯ ಮೇಲೆ ಬರೆದಳು: *ಪಟ್ಟಿ ಮಾಡ್ಕೊಳ್ತಿದೀನಿ.*

ನಗುತ್ತಾ ನೀರು ಕುಡಿಯಲು ಒಳಗೆ ಹೋದ ಭಾವ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಲೋಟ ಕೈಯಲ್ಲಿ ಹಿಡಿದು ಕಿಟಕಿ ಕಡೆ ಮುಖ ಮಾಡಿ ನಿಂತಿದ್ದರು. "ಸ್ವರ ಮೊದಲಿನ ಹಾಗೆ ಬರ್ದೇ ಇರಬಹುದು ಅಂದ್ರಮ್ಮ ಡಾಕ್ಟ್ರು" ಎಂದರು, ತಿರುಗದೆ. "ಅವಳಿಗೂ ಗೊತ್ತು." ಮೂರು ಗಂಟೆಯ ಬಸ್ಸಿಗೆ ಹೋದರು. ಅವರಿಗೆ ರಜೆ ಇಲ್ಲ.

ಹೋಲಿಸಿ ಕೇಳಿ ನೋಡಲು ಆಂಪ್ಲಿಫೈಯರುಗಳನ್ನು ಮನೆಗೆ ತರಿಸಿಕೊಳ್ಳಲು ಯಜಮಾನರು ಒಪ್ಪಿದ್ದಾರೆ. ಕಾರ್ಖಾನೆಯಲ್ಲಿ ಪಕ್ಕದ ಪ್ರೆಸ್ ಮೆಷಿನಿನ ಸದ್ದು ಗೋಡೆ ದಾಟಿ ಬರುತ್ತದೆ. ನಮ್ಮ ಮುಂದಿನ ಕೋಣೆಯಲ್ಲಾದರೆ ನೊಣ ಹಾರಿದರೂ ಕೇಳುತ್ತದೆ.

ಮಾರ್ಚ್ ೮, ಶನಿವಾರ

ಇಡೀ ದಿನ ಜೋಡಿಸುವುದರಲ್ಲೇ ಕಳೆಯಿತು. ಸ್ಪೀಕರುಗಳು ಗೋಡೆಯಿಂದ ಎರಡೂವರೆ ಅಡಿ ಮುಂದೆ, ಸೋಫಾ ಎದುರು ಗೋಡೆಗೆ, ನಡುವೆ ಮೇಜಿನ ಮೇಲೆ ನನ್ನ ವಾಲ್ವ್ ಯಂತ್ರ, ಬಿಸ್ಕತ್ ಡಬ್ಬಿ, ಮತ್ತೆ ಅಳತೆಗೋಲಿನ ಹಾಗೆ ನಮ್ಮ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರು. ಮೊದಲ ಕೆಲಸ ಮೂರರ ದನಿಯ ಮಟ್ಟ ಸಮ ಮಾಡುವುದು. ಇಬ್ಬರಲ್ಲಿ ಸ್ವಲ್ಪ ಜೋರಾಗಿ ಹಾಡಿದವರೇ ಚೆನ್ನಾಗಿ ಹಾಡಿದರು ಎಂದು ಕಿವಿ ತಿಳಿದುಕೊಳ್ಳುತ್ತದೆ. ಅಂಗಡಿಯವರು ಗಿರಾಕಿಗಳನ್ನು ಮರುಳು ಮಾಡುವುದೇ ಹೀಗೆ. ಸ್ಪೀಕರಿನ ತಂತಿಗೆ ವೋಲ್ಟ್‌ಮೀಟರ್ ಹಿಡಿದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿದೆ.

ಅಕ್ಕನನ್ನು ಸೋಫಾದಲ್ಲಿ ಕೂರಿಸಿ ಒಂದೇ ತುಣುಕನ್ನು ಮೂರರಲ್ಲೂ ಕೇಳಿಸಿದೆ. ನನ್ನದರಲ್ಲಿ ಪಿಟೀಲು ಎದುರಿಗೆ ಬಂದು ಕೂತಂತಿತ್ತು. ಡಬ್ಬಿಯಲ್ಲಿ ಅದೇ ಪಿಟೀಲಿಗೆ ಚಳಿ ಹತ್ತಿತ್ತು. ಇದನ್ನು ಹೇಳಲು ಪರೀಕ್ಷೆಯೇ ಬೇಕಿಲ್ಲ.

"ಹೇಗಿದೆ?" ಎಂದೆ.

*ಮೂರೂ ಚೆನ್ನಾಗಿದೆ*, ಎಂದು ಬರೆದಳು.

ಮೂರೂ ಚೆನ್ನಾಗಿದೆಯಂತೆ! ಮೂವತ್ತೊಂದು ವರ್ಷ ಸ್ಪೀಕರಿನ ಜೊತೆ ಬದುಕಿದವಳು ಆಡುವ ಮಾತಾ ಇದು?

ಮಾರ್ಚ್ ೯, ಭಾನುವಾರ

ಭಾವನ ಫೋನು ದಿನಕ್ಕೆ ಎರಡು ಸಲ. ಅಕ್ಕ ಚಮಚದಿಂದ ಫೋನಿಗೆ ಕುಟ್ಟುತ್ತಾಳೆ. ಒಂದು ಕುಟ್ಟಿದರೆ ಹೌದು, ಎರಡು ಕುಟ್ಟಿದರೆ ಇಲ್ಲ. ಇವತ್ತು ಎಂಟೋ ಒಂಬತ್ತೋ ಸಲ ಕುಟ್ಟಿದಳು. ಅವರು ಏನು ಕೇಳಿದರೋ ಏನೋ.

ಮಾರ್ಚ್ ೧೨, ಬುಧವಾರ

ಹೊಸ ಇಂಜಿನಿಯರ್ ಸಂಜೆ ಮನೆಗೆ ಬಂದಳು. ಅಕ್ಕನಿಗೆಂದು ಕಿತ್ತಳೆ ಹಣ್ಣು ತಂದಿದ್ದಳು. ನನಗೊಂದು ತಕರಾರು ತಂದಿದ್ದಳು.

"ಮೇಡಂ, ಯಾವುದು ಓಡ್ತಿದೆ ಅಂತ ನೋಡ್ಕೊಂಡು ಕೇಳಿದ್ರೆ ಅದು ಹೋಲಿಕೆ ಆಗಲ್ಲ. ಮಧ್ಯೆ ಒಂದು ಪರದೆ ಕಟ್ಟೋಣ."

"ನನ್ನ ಕಿವಿಗೆ ಪರದೆ ಬೇಕಾಗಿಲ್ಲಮ್ಮ. ನೀನು ಹುಟ್ಟೋಕೆ ಮುಂಚೆಯಿಂದ ಇದೇ ಕೆಲಸ ಮಾಡ್ತಿದೀನಿ."

"ಹಾಗಿದ್ರೆ ಪರದೆ ಇದ್ರೂ ನಿಮಗೇನೂ ನಷ್ಟ ಇಲ್ಲ ಅಲ್ವಾ?"

ಬಾಯಿ ಜೋರು. ಆದರೆ ಮಾತು ಸರಿ. ಅಷ್ಟರಲ್ಲಿ ಅಕ್ಕ ಎದ್ದು ಹೋಗಿ ಬೀರುವಿನಿಂದ ಹೂವಿನ ಚಿತ್ರದ ಹಾಸಿಗೆ ಹೊದಿಕೆ ತಂದು ನಮ್ಮಿಬ್ಬರ ನಡುವೆ ಹಿಡಿದಳು. ಪರೀಕ್ಷೆ ಶನಿವಾರ ಎಂದು ನಿಗದಿಯಾಯಿತು. ಆಗಲಿ. ಸೋಲುವುದಕ್ಕೂ ಒಂದು ಅಚ್ಚುಕಟ್ಟು ಇರಬೇಕು, ಹುಡುಗಿ ಅದನ್ನಾದರೂ ಕಲಿಯಲಿ.

ಮಾರ್ಚ್ ೧೫, ಶನಿವಾರ

ಹತ್ತು ಸರದಿ. ಹೊದಿಕೆಯ ಹಿಂದೆ ಹುಡುಗಿ ನಾಣ್ಯ ಚಿಮ್ಮುತ್ತಾಳೆ. ಎರಡೂ ಯಂತ್ರ ಮೊದಲೇ ಹಚ್ಚಿರುತ್ತವೆ, ಬಿದ್ದದ್ದರ ಮೇಲೆ ಸ್ಪೀಕರನ್ನು ನನ್ನದಕ್ಕೋ ತನ್ನದಕ್ಕೋ ತಿರುಗಿಸುತ್ತಾಳೆ. ಸ್ವಿಚ್ಚಿನ ಸದ್ದಿನಿಂದ ಸುಳಿವು ಸಿಗಬಾರದೆಂದು ಪ್ರತಿ ಸಲವೂ ಎರಡು ಬಾರಿ ಟಿಕ್ ಟಿಕ್ ಅನ್ನಿಸುತ್ತಾಳೆ. ನಾನೂ ಅಕ್ಕನೂ ಬೇರೆ ಬೇರೆ ಹಾಳೆಯಲ್ಲಿ ಉತ್ತರ ಬರೆಯಬೇಕು.

ನನ್ನದು ಹತ್ತಕ್ಕೆ ಐದು ಸರಿ.

ಫ್ರಿಜ್ಜು ಎರಡು ಸಲ ಗುರ್ರೆಂದಿತು. ಹೊದಿಕೆಯ ಬಟ್ಟೆ ದಪ್ಪ, ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತದೆ. ಮೂರು ದಿನದಿಂದ ನೆಗಡಿಯ ಹಾಗೆ ಬೇರೆ ಇದೆ. ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಐದು ಎಂದರೆ ಕಡಿಮೆಯೇನಲ್ಲ.

ಅಕ್ಕನದು ಹತ್ತಕ್ಕೆ ಒಂಬತ್ತು.

ಹುಡುಗಿ ಹಾಳೆಯನ್ನು ಎರಡು ಸಲ ನೋಡಿದಳು. "ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು? ನನಗೇ ಗೊತ್ತಾಗಲ್ವಲ್ಲ!"

ಅಕ್ಕ ಹಲಗೆ ಒರೆಸಿ ಸಾವಕಾಶವಾಗಿ ಬರೆದಳು: *ಹಾಡು ಕೇಳ್ಲಿಲ್ಲ. ಹಾಡು ನಿಂತಾಗ ಕೇಳಿದೆ. ನನ್ನ ತಂಗೀದು ಪೂರ್ತಿ ನಿಲ್ಲಲ್ಲ.*

ಮಾರ್ಚ್ ೧೬, ಭಾನುವಾರ

ನಿಲ್ಲುತ್ತಿಲ್ಲ, ನಿಜ. ಸ್ಪೀಕರಿಗೆ ಕಿವಿ ಅಂಟಿಸಿ ಕೂತೆ. ಎಲ್ಲೋ ಆಳದಲ್ಲಿ ಸಣ್ಣಗೆ ಗುಂಯ್ ಎನ್ನುತ್ತದೆ. ಮೀಟರಿಟ್ಟು ನೋಡಿದರೆ ನೂರು ಹರ್ಟ್ಜ್, ಕರೆಂಟಿನಿಂದಲೇ ನುಸುಳಿದ ಸದ್ದು. ನಾನು ಕಟ್ಟಿದ ಯಂತ್ರದಲ್ಲಿ, ನನ್ನ ಕಿವಿಯ ಬುಡದಲ್ಲೇ! ಇಷ್ಟು ದಿನ ನಾನು ಇದನ್ನೇ ಬೆಚ್ಚಗಿನ ದನಿ ಎನ್ನುತ್ತಿದ್ದೆನೇ ಎಂಬ ಅನುಮಾನ ಒಂದು ಗಳಿಗೆ ಬಂತು. ಹಾಗಿರಲಾರದು.

ಸೋಫಾದಲ್ಲಿ ಕೂತು ಕೇಳಿದರೆ ನನಗೆ ಈಗಲೂ ಕೇಳಿಸುವುದಿಲ್ಲ. "ನಿನಗೆ ಹೇಗೆ ಕೇಳುತ್ತೆ?" ಎಂದು ಅಕ್ಕನನ್ನು ಕೇಳಿದೆ. ಅವಳು ಹಲಗೆಯ ಎರಡೂ ಬದಿ ತುಂಬಿಸಿದಳು. ನಿಲ್ದಾಣದಲ್ಲಿ ಮೈಕಿನ ಗುಂಡಿ ಒತ್ತಿದ ಮೇಲೆ ಅವಳು ಒಂದು ಗಳಿಗೆ ಸುಮ್ಮನಿರುತ್ತಿದ್ದಳಂತೆ. ಸ್ಪೀಕರುಗಳು ಗುಂಯ್ ಎನ್ನುವುದು ಕೇಳಿಸಿದರೆ ದನಿಗೆ ದಾರಿ ತೆರೆದಿದೆ ಎಂದರ್ಥ, ಆಗ ಮಾತು ಶುರು. ದಿನಕ್ಕೆ ಇನ್ನೂರು ಸಲ, ಮೂವತ್ತೊಂದು ವರ್ಷ.

ಇದು ನನಗೆ ಗೊತ್ತೇ ಇರಲಿಲ್ಲ. ಅವಳ ಕೆಲಸದ ಬಗ್ಗೆ ನಾನು ಕೇಳಿದ್ದೂ ಇಲ್ಲ.

ಮಾರ್ಚ್ ೨೦, ಗುರುವಾರ

ಗುಂಯ್ ಹೋಯಿತು. ಒಂದೊಂದೂ ಒಂದೊಂದು ಕಡೆ ಕೂತಿದ್ದ ಅರ್ತಿಂಗ್ ತಂತಿಗಳನ್ನೆಲ್ಲ ಕಿತ್ತು ಒಂದೇ ಬಿಂದುವಿಗೆ ತಂದು ಬೆಸೆದೆ. ನಾಲ್ಕು ಸಂಜೆ ಹಿಡಿಯಿತು. ಅಕ್ಕ ಪಕ್ಕದಲ್ಲಿ ಕೂತು ಟಾರ್ಚು ಹಿಡಿಯುತ್ತಿದ್ದಳು. ಪ್ರತಿ ಸಲ ಹಚ್ಚಿದಾಗಲೂ ಕಣ್ಣು ಮುಚ್ಚಿ ಕೇಳಿ ತಲೆ ಅಡ್ಡ ಆಡಿಸುವಳು. ಇವತ್ತು ಕಣ್ಣು ಮುಚ್ಚಿದವಳು ತೆರೆಯಲೇ ಇಲ್ಲ. ನಿದ್ದೆ ಹೋದಳೇನೋ ಎಂದುಕೊಂಡೆ. ಆಮೇಲೆ ಹೆಬ್ಬೆರಳು ಎತ್ತಿದಳು.

ಎಂಥ ಕಿವಿ! ಕಾರ್ಖಾನೆಯ ಯಾವ ಮೀಟರಿಗೂ ಕಡಿಮೆಯಿಲ್ಲ.

ಹುಡುಗಿಯನ್ನು ಕರೆಸಿ ಮತ್ತೆ ಹತ್ತು ಸರದಿ ಮಾಡಿದೆವು. ಅಕ್ಕನಿಗೆ ಐದು, ನನಗೆ ನಾಲ್ಕು, ಹೊದಿಕೆಯ ಹಿಂದೆ ನಾನು ನಿಂತು ಹುಡುಗಿಯನ್ನು ಕೂರಿಸಿದಾಗ ಅವಳಿಗೂ ಐದು. ಮೂವರೂ ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು.

"ಮೇಡಂ, ಅಂದ್ರೆ ಎರಡೂ ಒಂದೇ?" ಎಂದಳು. ಗೆದ್ದವಳ ದನಿಯಲ್ಲಿ ಹೇಳಲಿಲ್ಲ. ಅವಳಿಗೂ ಸ್ವಲ್ಪ ಬೇಜಾರಾದಂತಿತ್ತು.

"ಹಾಡಿನಲ್ಲಿ ಒಂದೇ ಇರಬಹುದು" ಎಂದೆ. "ಮನುಷ್ಯರ ದನಿಯಲ್ಲಿ ನೋಡೋಣ. ಅಲ್ಲಿ ಕಿವಿಗೆ ಮೋಸ ಮಾಡೋಕಾಗಲ್ಲ."

ನನ್ನ ಯಂತ್ರದಲ್ಲಿ ಏನೋ ಇದೆ. ಇಲ್ಲದಿದ್ದರೆ ಇಷ್ಟು ವರ್ಷ ನಾನು ಕೇಳಿಸಿಕೊಂಡದ್ದೇನು?

ಮಾರ್ಚ್ ೨೩, ಭಾನುವಾರ

ನಮಗೆ ಚೆನ್ನಾಗಿ ಗೊತ್ತಿರುವ ಒಂದು ದನಿ ಬೇಕಿತ್ತು. ಸಂಗೀತದ ಪೆಟ್ಟಿಗೆಯೆಲ್ಲ ಹರಡಿಕೊಂಡು ಹುಡುಕುತ್ತಿದ್ದೆ. ಅಕ್ಕ ಬಂದು ಹಲಗೆ ಮುಂದೆ ಹಿಡಿದಳು: *ನನ್ನ ಕ್ಯಾಸೆಟ್ ಇದೆಯಾ?*

ಇತ್ತು. ಎಲ್ಲಿತ್ತು ಎಂದೂ ನನಗೆ ಗೊತ್ತಿತ್ತು. ಬೀರುವಿನ ಮೇಲಿನ ಖಾನೆ, ಹಳೆ ಸರ್ಕ್ಯೂಟ್ ಪುಸ್ತಕಗಳ ಹಿಂದೆ.

ಅಕ್ಕನಿಗಾಗ ಇಪ್ಪತ್ತಾರು. ರೇಡಿಯೋ ನಾಟಕಕ್ಕೆ ದನಿ ಪರೀಕ್ಷೆ ಕರೆದಿದ್ದರು. ಮಗನಿಗೆ ಕಾಗದ ಬರೆಯುವ ತಾಯಿಯೊಬ್ಬಳ ಮಾತನ್ನು ಕ್ಯಾಸೆಟ್ಟಿಗೆ ಓದಿ, ಕಳಿಸುವ ಮುಂಚೆ ನನಗೆ ಕೊಟ್ಟು "ಕೇಳಿ ಹೇಳೇ" ಎಂದಿದ್ದಳು. ನನಗೆ ಇಪ್ಪತ್ತೆರಡು, ಕಾಲೇಜು ಮುಗಿಸಿ ಹೊಸದಾಗಿ ಮೀಟರು ಹಿಡಿದಿದ್ದೆ. ಕೇಳಿ, ಹೇಳಿ, ಹೇಳಿದ್ದು ಸಾಲದೆಂದು ಕ್ಯಾಸೆಟ್ಟಿನ ಚೀಟಿಯ ಮೇಲೆ ಬರೆದೂ ಇಟ್ಟಿದ್ದೆ. ಅದು ಈಗಲೂ ಇದೆ, ನನ್ನದೇ ಗುಂಡು ಅಕ್ಷರ: *ಮೂಗಿನಿಂದ ಬರುತ್ತದೆ. ಮೇಲೆ ಹೋದಾಗ ಕರ್ಕಶ. ಉಸಿರು ಕೇಳಿಸುತ್ತದೆ.* ಅವಳು ಅದನ್ನು ಕಳಿಸಲೇ ಇಲ್ಲ. ಮುಂದಿನ ತಿಂಗಳು ನಿಲ್ದಾಣದ ಕೆಲಸಕ್ಕೆ ಸೇರಿದಳು.

ಮೊದಲು ನನ್ನ ಯಂತ್ರಕ್ಕೆ ಹಾಕಿದೆ. ಹನ್ನೊಂದು ನಿಮಿಷದ ಓದು. ಕಾಗದದಲ್ಲಿ ಆ ತಾಯಿ ತನ್ನ ಕಾಯಿಲೆಯ ಸುದ್ದಿ ಎತ್ತುವುದೇ ಇಲ್ಲ. ಹಿತ್ತಲಿನ ಗೇಟು ಕಿರುಗುಟ್ಟುವುದು, ಪಕ್ಕದ ಮನೆಯವರ ಬೆಕ್ಕು, ಹೊಸ ಚಪ್ಪಲಿ ಕಚ್ಚುವುದು, ಇಷ್ಟೇ ಬರೆಯುತ್ತಾಳೆ. ಆದರೆ ಅಕ್ಕ ಓದಿದ ರೀತಿಗೆ ಎಲ್ಲ ತಿಳಿದುಬಿಡುತ್ತದೆ. ಒಂದು ವಾಕ್ಯ ಮುಗಿಸಿ ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳುವಾಗಲೇ ತಿಳಿಯುತ್ತದೆ. ಆ ಉಸಿರನ್ನು ನಾನು ಅವತ್ತೂ ಕೇಳಿಸಿಕೊಂಡಿದ್ದೆ. ಅದನ್ನು ತಪ್ಪಿನ ಪಟ್ಟಿಗೆ ಯಾಕೆ ಸೇರಿಸಿದೆನೋ!

ಮುಗಿದಾಗ ಅಕ್ಕ ಬರೆದಳು: *ಆಗ ನೀನು ಹೇಳಿದ್ದು ಸರಿಯಾಗೇ ಇತ್ತು.*

"ಇಲ್ಲ ಕಣೇ" ಎಂದೆ. "ಕಳಿಸ್ಬೇಕಿತ್ತು ನೀನು. ನಾನು ಹೇಳಿದ್ದು ತಪ್ಪು. ಆಗ್ಲೇ ಗೊತ್ತಿತ್ತೋ ಏನೋ ನನಗೆ, ಹಠಕ್ಕೆ ಹೇಳಿದ್ದೆ. ಮನೇಲಿ ಎಲ್ಲರೂ ನಿನ್ನ ದನೀನೇ ಹೊಗಳ್ತಿದ್ರಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಬಾಯಿ ತೆರೆದಳು. ಮಾತು ಬಂದೇಬಿಡುತ್ತಿತ್ತು, ನಾನು ಥಟ್ಟನೆ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. "ಇನ್ನೆರಡೇ ದಿನ, ಹಾಳು ಮಾಡ್ಕೋಬೇಡ." ಇಬ್ಬರಿಗೂ ನಗು ಬಂತು. ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಎಂದು ಅವಳನ್ನು ನೋಡಿ ಗೊತ್ತಾಯಿತು.

ಆಮೇಲೆ ಇನ್ನೂ ಎರಡು ಸಲ ಕೇಳಿದೆವು. ಯಾವುದರಲ್ಲಿ ಕೇಳಿದೆವು ಎಂದು ಹಾಳೆಯಲ್ಲಿ ಬರೆದುಕೊಳ್ಳಲು ಮರೆತೆ. ಇಡೀ ದಿನದ ಪರೀಕ್ಷೆ ದಂಡ. ಸಮಯವಾದರೆ ಮತ್ತೆ ಮಾಡಬೇಕು.

ಮಾರ್ಚ್ ೨೫, ಮಂಗಳವಾರ

ಡಾಕ್ಟರು ಕನ್ನಡಿ ಇಟ್ಟು ನೋಡಿ, ಗಾಯ ಮಾಗಿದೆ, ಈಗ ಮೆಲ್ಲಗೆ ಒಂದು 'ಆ' ಹೇಳಿ ಎಂದರು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಮೊದಲು ಬರೀ ಗಾಳಿ ಬಂತು. ಎರಡನೇ ಸಲ ದನಿ ಬಂತು. ತಗ್ಗಿದ, ಒರಟಾದ ದನಿ, ಅಂಚು ಸವೆದ ಹಾಗೆ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಇದು ಇನ್ನೂ ಸ್ವಲ್ಪ ತಿಳಿಯಾಗುತ್ತಮ್ಮ. ಆದ್ರೆ ಹಳೇದು ವಾಪಸ್ ಬರಲ್ಲ. ವಾರಕ್ಕೆರಡು ಸಲ ಅಭ್ಯಾಸಕ್ಕೆ ಬನ್ನಿ. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಅದಕ್ಕಿಂತ ಜಾಸ್ತಿ ಬೇಡ." ಇನ್ನೂ ಎರಡು ತಿಂಗಳಾದರೂ ಬೇಕಂತೆ.

ಮಧ್ಯಾಹ್ನ ಭಾವನ ಫೋನು ಬಂತು. ಅಕ್ಕ ಚಮಚ ತೆಗೆದುಕೊಳ್ಳಲಿಲ್ಲ.

"ಹಲೋ" ಎಂದಳು.

"ಹಲೋ, ಯಾರಮ್ಮ ಮಾತಾಡೋದು? ಸ್ವಲ್ಪ ನಮ್ಮನೆಯವರಿಗೆ ಕೊಡ್ತೀರಾ?" ಫೋನಿನಿಂದ ಅವರ ಮಾತು ನನಗೂ ಕೇಳಿಸಿತು.

ಅಕ್ಕನ ಮುಖ ಬಿಳಿಚಿಕೊಂಡಿತು. ಫೋನು ಕಸಿದುಕೊಂಡು ನಾನೇ ಹೇಳಿಬಿಡೋಣ ಎಂದು ಕೈ ಮುಂದೆ ಹೋಗಿತ್ತು, ತಡೆದುಕೊಂಡೆ.

"ನಾನೇ ಕಣ್ರೀ" ಎಂದಳು.

ಭಾವ ಸಣ್ಣ ದನಿಯಲ್ಲಿ, "ಇನ್ನೊಂದ್ಸಲ ಹೇಳು" ಎಂದರು. ಹೇಳಿದಳು. "ಇನ್ನೊಂದ್ಸಲ" ಎಂದರು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಮಾರ್ಚ್ ೩೧, ಸೋಮವಾರ

ತೀರ್ಮಾನದ ದಿನ. ಯಜಮಾನರು ಕೋಣೆಗೆ ಕರೆದರು. ಮೇಜಿನ ಮೇಲೆ ಎರಡೂ ಯಂತ್ರಗಳು, ಬದಿಗೆ ಹುಡುಗಿ. ಅವಳು ಅಳತೆಗಳ ಗ್ರಾಫು ತೆರೆಯುವಷ್ಟರಲ್ಲಿ ಯಜಮಾನರು ಕೈ ಎತ್ತಿದರು. "ಇದೆಲ್ಲ ಆಮೇಲೆ. ಮೇಡಂ, ನಿಮ್ಮ ಕಿವಿ ಏನು ಹೇಳುತ್ತೆ? ನನಗೆ ಅಷ್ಟು ಸಾಕು."

"ನನ್ನ ಕಿವಿ ಹತ್ತಕ್ಕೆ ಐದು ಹೇಳಿತು ಸರ್. ಇನ್ನೊಂದು ಸಲ ನಾಲ್ಕು."

ಅವರಿಗೆ ಅರ್ಥವಾಗಲಿಲ್ಲ. ಹೊದಿಕೆ, ನಾಣ್ಯ, ಗುಂಯ್ ಎಲ್ಲವನ್ನೂ ಬಿಡಿಸಿ ಹೇಳಿದೆ. ಮನೆಯಲ್ಲಿ ಕೇಳುವಷ್ಟು ಜೋರಿನಲ್ಲಿ ಎರಡಕ್ಕೂ ವ್ಯತ್ಯಾಸ ಹಿಡಿಯಲು ನಮ್ಮ ಮೂವರಿಂದಲೂ ಆಗಲಿಲ್ಲ. ತುಂಬಾ ಜೋರು ಮಾಡಿದರೆ ಮೊದಲು ಸುಸ್ತಾಗುವುದು ನನ್ನದು. ಅವಳದು ತಣ್ಣಗಿರುತ್ತದೆ, ಹಗುರ, ಕಪಾಟಿನಲ್ಲಿ ಕೂರುತ್ತದೆ.

"ಅದನ್ನೇ ಮಾಡಿ" ಎಂದೆ. "ಹಾಕಿದ ತಕ್ಷಣ ಸ್ಪೀಕರಿನಲ್ಲಿ ಟಪ್ ಅನ್ನುತ್ತೆ, ಅದೊಂದೇ ಐಬು. ನಮ್ಮಕ್ಕ ಹಿಡಿದದ್ದು. ಹದಿನೈದು ದಿನ ಕೊಡಿ, ನಾನು ಸರಿಮಾಡಿಕೊಡ್ತೀನಿ."

ಹುಡುಗಿ ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಿದ್ದಳು. "ಮೇಡಂ, ಆ ಟಪ್ ನಾನು ಒಂದು ವರ್ಷದಿಂದ ಏನು ಮಾಡಿದ್ರೂ ಹೋಗ್ತಿಲ್ಲ" ಎಂದಳು.

"ಹೋಗುತ್ತೆ, ಯಾಕೆ ಹೋಗಲ್ಲ? ವಾಲ್ವ್ ಕಾಯಿಸಿ ಬಂದವಳು ನಾನು. ಹಾಕಿದ ಕೂಡಲೇ ದನಿ ಬಿಡಬಾರದು ಅನ್ನೋದನ್ನ ನನ್ನಿಂದ ಕಲಿ."

ಹೊರಗೆ ಬಂದಾಗ ಬೇಜಾರಾಗುತ್ತದೆ ಎಂದುಕೊಂಡಿದ್ದೆ. ಹಸಿವಾಯಿತು ಅಷ್ಟೇ. ಕ್ಯಾಂಟೀನಿನಲ್ಲಿ ಎರಡು ತಟ್ಟೆ ಊಟ ಮಾಡಿದೆ. ಹದಿನೆಂಟು ಕಿಲೋವನ್ನು ಮನೆಗೇ ತಂದಿದ್ದೇನೆ. ಮುಂದಿನ ಕೋಣೆಯಲ್ಲಿ ಇದೆ, ಅಕ್ಕ ಅದರ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡಿದ್ದಾಳೆ. ಬೆಚ್ಚಗಿರುತ್ತದಂತೆ.

ಏಪ್ರಿಲ್ ೪, ಶುಕ್ರವಾರ

ಹೊಸ ಯಂತ್ರದ ಜೊತೆ ಹೋಗುವ ಕೈಪಿಡಿಯನ್ನು ನಾನೇ ಬರೆಯಬೇಕಂತೆ. ಎಂಟು ಪುಟ ಮೀರಬಾರದು ಎಂದರು ಯಜಮಾನರು. ಕೈಪಿಡಿಯನ್ನು ಯಾರು ಓದುತ್ತಾರೆ! ಪೆಟ್ಟಿಗೆ ತೆರೆದವರು ಮೊದಲು ಎಸೆಯುವುದೇ ಅದನ್ನು. ಐದು ಪುಟದಲ್ಲಿ ಮುಗಿಸುತ್ತೇನೆ.

ಭಾವ ನಿನ್ನೆ ಬಂದಿದ್ದರು, ಕರೆದುಕೊಂಡು ಹೋಗುವ ಲೆಕ್ಕದಲ್ಲಿ. ವಾರಕ್ಕೆರಡು ಸಲ ಆಸ್ಪತ್ರೆಗೆ ಅಷ್ಟು ದೂರದಿಂದ ಬಂದು ಹೋಗುವುದು ಆಗುವ ಮಾತಲ್ಲ ಎಂದು ನಾನೇ ಜಗಳ ತೆಗೆದು ನಿಲ್ಲಿಸಿಕೊಂಡೆ. ಆಸ್ಪತ್ರೆ ಹತ್ತಿರ ಅನ್ನುವುದಕ್ಕೆ ಮಾತ್ರ.

ಏಪ್ರಿಲ್ ೬, ಭಾನುವಾರ

ಅಕ್ಕನಿಗೆ ದಿನದ ಹತ್ತು ನಿಮಿಷ ಓದಲು ಮನೆಯಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಸರ್ಕ್ಯೂಟ್ ಪುಸ್ತಕ. ನಾನು ಬರೆದ ಕೈಪಿಡಿಯ ಹಾಳೆಗಳನ್ನೇ ಎತ್ತಿಕೊಂಡಳು. ನೆಟ್ಟಗೆ ಕೂತು, ಒಂದು ಗಳಿಗೆ ಸುಮ್ಮನಿದ್ದು, ಶುರು ಮಾಡಿದಳು.

"ಸಾಧನವನ್ನು ಗಾಳಿಯಾಡುವ ಜಾಗದಲ್ಲಿ ಇಡಿ. ಅದರ ಮೇಲೆ ಹೂದಾನಿ, ಲೋಟ ಮುಂತಾದ ನೀರಿನ ವಸ್ತುಗಳನ್ನು ಇಡಬೇಡಿ."

ಹೂದಾನಿ ಎಂಬ ಮಾತು ಅರ್ಧಕ್ಕೆ ಒಡೆಯಿತು. ನಿಂತಳು, ಉಸಿರು ತೆಗೆದುಕೊಂಡಳು, ಹಿಂದೆ ಹೋಗಿ ಮತ್ತೆ ಹೇಳಿದಳು. ಈ ಸಲ ಒಡೆದ ಕಡೆಯೇ ತುಸು ನಿಧಾನಿಸಿ ದಾಟಿಸಿದಳು. ಯಾರದೋ ಮನೆಗೆ ಹೂದಾನಿ ಬಂದು ಅದನ್ನು ಎಲ್ಲಿಡುವುದೆಂದು ಗೊತ್ತಾಗದೆ ಅವರು ನಿಂತಂತೆ ನನಗೆ ಕಂಡಿತು. "ಗುಂಡಿಯನ್ನು ಒತ್ತಿದ ಬಳಿಕ ಮೂರು ಸೆಕೆಂಡು ಕಾಯಿರಿ." ಇಷ್ಟು ಒಳ್ಳೆಯ ವಾಕ್ಯವನ್ನು ನಾನು ಬರೆದೆನೇ ಎನಿಸಿತು. ಟಪ್ ಸರಿಮಾಡಲು ಹಿಡಿದ ಬೆಸುಗೆ ಕಡ್ಡಿ ಕೈಯಲ್ಲೇ ಉಳಿದಿತ್ತು.

ಐದನೇ ಪುಟದ ಕೊನೆಗೆ ಬಂದು ತಲೆ ಎತ್ತಿದಳು. "ಮುಗೀತಾ? ಇನ್ನೂ ಏಳೇ ನಿಮಿಷ ಆಗಿದೆ ಕಣೇ."

ಯಂತ್ರವನ್ನು ಒರೆಸುವುದು ಹೇಗೆ ಎಂಬುದನ್ನು ಬರೆದಿಲ್ಲ. ಧೂಳಿನ ಬಗ್ಗೆ ಬರೆಯಬೇಕು. ಮಳೆಗಾಲದಲ್ಲಿ ಏನು ಮಾಡಬೇಕು, ಊರಿಗೆ ಹೋಗುವಾಗ ಏನು ಮಾಡಬೇಕು, ಮನೆಯಲ್ಲಿ ಬೆಕ್ಕಿದ್ದರೆ ಏನು ಮಾಡಬೇಕು. ನಾಳೆಗೆ ಇನ್ನು ಎರಡು ಪುಟವಾದರೂ ಆಗಬೇಕು, ನಾಳಿದ್ದಿಗೆ ಮತ್ತೆರಡು. ಎಂಟು ಪುಟ ಮೀರಿದರೆ ಯಜಮಾನರಿಗೆ ಏನಾದರೊಂದು ಹೇಳಿದರಾಯಿತು.